ಕಪ್ಪು ಕಾಣದ ಓಲೆಗಳು

ಮಸಿಯಮ್ಮನ ಕೈಗಳನ್ನು ಮೊದಲ ಸಲ ನೋಡಿದವರು ಇವಳು ಇದ್ದಿಲಂಗಡಿಯವಳೇ ಇರಬೇಕು ಅಂದುಕೊಳ್ಳುತ್ತಿದ್ದರು. ಹತ್ತು ಬೆರಳೂ ಕಪ್ಪು. ಉಗುರಿನ ಸಂದಿಯಂತೂ ಕಡುಗಪ್ಪು, ಸೋಪಿಗೂ ಜಗ್ಗದು, ಸೀಮೆಎಣ್ಣೆಗೂ ಜಗ್ಗದು. ಮಗಳ ಮದುವೆಯ ಫೋಟೋಗಳಲ್ಲೆಲ್ಲ ಪುಣ್ಯಾತ್ಗಿತ್ತಿ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೇ ನಿಂತಿದ್ದಾಳೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಸಂಬಳದ ಚೀಟಿ ಬಿಟ್ಟು ಬೇರೆಲ್ಲೂ ಉಪಯೋಗಕ್ಕೆ ಬಂದದ್ದಿಲ್ಲ.

ಅವಳ ಕೆಲಸ ಇದ್ದದ್ದು ಹಳೆಯ ಸಂಸ್ಕೃತ ಗ್ರಂಥಗಳ ಭಂಡಾರದಲ್ಲಿ. ಮೊದಲ ಮಹಡಿಯ ಉದ್ದನೆ ಹಜಾರ, ಗೋಡೆಗಂಟಿದ ಕಬ್ಬಿಣದ ಕಪಾಟುಗಳು, ಅವುಗಳ ತುಂಬ ತಾಳೆಗರಿಯ ಕಟ್ಟುಗಳು. ಕಾವ್ಯ, ತರ್ಕ, ವೈದ್ಯ, ಜ್ಯೋತಿಷ, ಆನೆ ಸಾಕುವುದು ಹೇಗೆ, ಬಾವಿ ತೋಡುವುದೆಲ್ಲಿ, ಎಲ್ಲವೂ ಸಂಸ್ಕೃತದಲ್ಲಿ, ಎಲ್ಲವೂ ಓಲೆಯ ಮೇಲೆ. ಓಲೆಯ ಮೇಲೆ ಬರೆಯುವುದೆಂದರೆ ಕಾಗದದ ಮೇಲೆ ಬರೆದ ಹಾಗಲ್ಲ. ಕಬ್ಬಿಣದ ಮೊನೆಯಿಂದ ಗೀರಬೇಕು. ಗೀರಿದ್ದು ಕಣ್ಣಿಗೆ ಕಾಣುವುದಿಲ್ಲ. ಬರೆದು ಮುಗಿಸಿದ ಮೇಲೆ ಮಸಿ ಸವರಿ ಒರೆಸಿದರೆ ಗೀರುಗಳಲ್ಲಿ ಕಪ್ಪು ಕೂತು ಅಕ್ಷರ ಎದ್ದು ನಿಲ್ಲುತ್ತದೆ. ಕಾಲ ಕಳೆದಂತೆ ಆ ಕಪ್ಪು ಮಾಸುತ್ತದೆ, ಓಲೆ ಒಣಗಿ ಹಪ್ಪಳದಂತೆ ಮುರಿಯುತ್ತದೆ. ಮಾಸಿದ್ದಕ್ಕೆ ಮತ್ತೆ ಮಸಿ, ಒಣಗಿದ್ದಕ್ಕೆ ಎಣ್ಣೆ. ಇಪ್ಪತ್ತೊಂಬತ್ತು ವರ್ಷದಿಂದ ಮಸಿಯಮ್ಮ ಮಾಡುತ್ತಿದ್ದದ್ದು ಇಷ್ಟೇ. ಇಷ್ಟೇ ಅಂದುಬಿಡುವುದು ಸುಲಭ ಬಿಡಿ, ಒಂದು ಓಲೆ ಮುರಿಯದಂತೆ ಒರೆಸಿ ನೋಡಿ ಆಮೇಲೆ ಮಾತಾಡಿ.

ಕೆಲಸ ಕಲಿಸಿದ್ದು ಸೋದರಮಾವ. ಅವನಿಗೂ ಮುಂಚೆ ಅವನ ಗುರು. ಪ್ರತಿ ಕಟ್ಟಿಗೂ ಮೇಲೊಂದು ಕೆಳಗೊಂದು ಬರಿ ಓಲೆ ಇಡಬೇಕು, ಕಟ್ಟನ್ನು ಬಿಗಿಯುವ ಮರದ ಹಲಗೆಯ ಉಜ್ಜುವಿಕೆಯೆಲ್ಲ ಅದರ ಮೇಲೆ ಬಿದ್ದು ಒಳಗಿನ ಅಕ್ಷರ ಉಳಿಯಬೇಕು. ಅದಕ್ಕೆ ಕಾವಲೋಲೆ ಎನ್ನುತ್ತಿದ್ದರು. ಬರಿ ಓಲೆಗಳಿಗೆಂದೇ ಒಂದು ತಗಡಿನ ಪೆಟ್ಟಿಗೆಯಿತ್ತು. ಬೇಕಾದಾಗ ಒಂದನ್ನು ತೆಗೆದು, ಕಟ್ಟಿನ ಅಳತೆಗೆ ಕತ್ತರಿಸಿ ಇಡುವುದು. "ಕಪ್ಪು ಕಂಡದ್ದು ಕಪಾಟಿಗೆ, ಕಾಣದ್ದು ಕಾವಲಿಗೆ" ಎಂದು ಮಾವ ಮೊದಲ ದಿನವೇ ಹೇಳಿಕೊಟ್ಟಿದ್ದ. ಮಸಿಯಮ್ಮ ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದಳು. ಒರೆಸೀ ಒರೆಸೀ ಲಿಪಿಯೂ ಬಂತು, ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಬಲ್ಲಳು. ಅರ್ಥ ಮಾತ್ರ ಶಿವಾಯ ನಮಃ.

ಆ ದಿನ ಬೆಳಗ್ಗೆ ಹತ್ತೂವರೆಗೆ ಅವಳು ಕುದುರೆ ವೈದ್ಯದ ಒಂದು ಸಣ್ಣ ಕಟ್ಟನ್ನು ಬಿಚ್ಚಿ ಕೂತಿದ್ದಳು. ಬೆರಳಿಗೆ ಮಸಿ ಜಾಸ್ತಿಯಾಯಿತು. ಒರೆಸುವ ಬಟ್ಟೆ ದೂರವಿತ್ತು. ಪಕ್ಕದಲ್ಲಿ ಆ ಕಟ್ಟಿನ ಕಾವಲೋಲೆ ಬಿದ್ದಿತ್ತು, ಅದರ ಮೇಲೆಯೇ ಬೆರಳು ತೀಡಿದಳು.

ಮೂರು ಅಕ್ಷರ ಎದ್ದು ನಿಂತವು.

ಮಸಿಯಮ್ಮ ಕೈ ಹಿಂದಕ್ಕೆಳೆದುಕೊಂಡಳು. ಮತ್ತೆ ಮುಂದೆ ಚಾಚಿ, ಬಟ್ಟೆಯ ತುದಿಗೆ ಮಸಿ ಮುಟ್ಟಿಸಿ ಓಲೆಯುದ್ದಕ್ಕೂ ಎಳೆದಳು. ಆರು ಸಾಲು ಮೂಡಿತು. ಎಡಕ್ಕೆ ವಾಲಿದ, ಎದುರುಗಾಳಿಗೆ ನಡೆಯುವವರಂಥ ಅಕ್ಷರಗಳು. ಬೆನ್ನು ನೋಡಿಯೇ ನೆಂಟರನ್ನು ಗುರುತಿಸುವ ಹಾಗೆ ಅವಳಿಗೆ ಆ ಬರವಣಿಗೆ ಗೊತ್ತಾಯಿತು. ಭಂಡಾರದ ಹಿರಿಯ ಪಂಡಿತರು ಅಚ್ಚಿಗೆ ಸಿದ್ಧಮಾಡುತ್ತಿದ್ದ ಕಾವ್ಯದ ಕಟ್ಟು ಅದೇ ಕೈಯದು. ಅದಕ್ಕೆ ಅವಳು ಆರು ಸಲ ಮಸಿ ಹಚ್ಚಿದ್ದಾಳೆ. ಆ ಕಟ್ಟು ತೊಂಬತ್ತಾರನೆಯ ಓಲೆಗೆ ನಿಲ್ಲುತ್ತದೆ. ಈ ಓಲೆಯ ಎಡ ಅಂಚಿನಲ್ಲಿ ತೊಂಬತ್ತೇಳು ಎಂದಿತ್ತು.

ಬಲ ಅಂಚು ನೋಡಿದಳು. ಕತ್ತರಿಸಿದ ಅಂಚು. ಸ್ವಲ್ಪ ಓರೆ. ದರ್ಜಿಯನ್ನು ಕಟ್ಟಿಕೊಂಡೂ ನೇರ ಕತ್ತರಿಸಲು ಬರದವಳು ಅಂತ ಗಂಡ ಮೂವತ್ತು ವರ್ಷದಿಂದ ಆಡಿಕೊಳ್ಳುತ್ತಿದ್ದ ಓರೆ ಅದು. ಮಾವನದಲ್ಲ, ಬೇರೆ ಯಾರದೂ ಅಲ್ಲ, ಅವಳದೇ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಆರೂ ಸಾಲುಗಳ ತುದಿ ಅವಳ ಕತ್ತರಿಗೆ ಹೋಗಿತ್ತು, ಕಸದ ಜೊತೆ ಗುಡಿಸಿಹೋಗಿತ್ತು.

ಆ ಕಾವ್ಯದ ಕಥೆ ಆ ಕಟ್ಟಡದಲ್ಲಿ ಕಾವಲುಗಾರನಿಗೂ ಗೊತ್ತಿತ್ತು, ಅಷ್ಟು ಸಲ ಪಂಡಿತರು ಹೇಳಿದ್ದರು. ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದ್ದಾರೆ. ಹೊರಗೆ ಸಿಕ್ಕಿಬಿದ್ದ ಹೆಂಗಸರು ಮಕ್ಕಳಿಗಾಗಿ ಬಾಗಿಲು ಕಾಯುವ ಹುಡುಗ ರಾಜಾಜ್ಞೆ ಮೀರಿ ದಿಡ್ಡಿ ಬಾಗಿಲು ತೆರೆಯುತ್ತಾನೆ. ಅವನಿಗೆ ಮರಣದಂಡನೆ. ಹನ್ನೊಂದನೆಯ ಸರ್ಗದಲ್ಲಿ ಅವನ ತಾಯಿ ಸಭೆಗೆ ಬಂದು ಮಗನನ್ನು ಬಿಡು ಎಂದು ಕೇಳುತ್ತಾಳೆ. ರಾಜ ಕೈ ಎತ್ತುತ್ತಾನೆ. ಅಲ್ಲಿಗೆ ಓಲೆ ಮುಗಿಯಿತು. ಕವಿ ಬೇಕೆಂದೇ ಅಲ್ಲಿ ನಿಲ್ಲಿಸಿದ, ತೀರ್ಪನ್ನು ಓದುವವರಿಗೆ ಬಿಟ್ಟ ಎನ್ನುವುದು ಪಂಡಿತರ ವಾದ. ಮೂವತ್ತೊಂದು ವರ್ಷ ಅದೇ ವಾದ ಮಾಡಿ, ಬೇರೆ ಊರಿನ ವಿದ್ವಾಂಸರ ಜೊತೆ ಜಗಳವಾಡಿ, ಗೆದ್ದು, ಎಂಬತ್ತು ಪುಟದ ಪೀಠಿಕೆ ಬರೆದು ಪುಸ್ತಕ ಸಿದ್ಧ ಮಾಡಿದ್ದರು. ಈಗ ಅವರಿಗೆ ವಯಸ್ಸು ಎಪ್ಪತ್ತೆಂಟು. ಒಂದು ಕಣ್ಣು ಹೋಗಿತ್ತು, ಇನ್ನೊಂದು ಹೋಗುತ್ತಿತ್ತು.

"ಮಸಿಯಮ್ಮ!"

ಮೇಲ್ವಿಚಾರಕ ಬಾಗಿಲಲ್ಲಿ ನಿಂತಿದ್ದ. ಅವಳು ಬಟ್ಟೆಯನ್ನು ಓಲೆಯ ಮೇಲೆ ಎಳೆದಳು.

"ಪಂಡಿತರ ಪುಸ್ತಕದ ಕೊನೇ ಪ್ರೂಫು ಬಂದಿದೆ. ನಾಲ್ಕು ಗಂಟೆಗೆ ಪ್ರೆಸ್ಸಿನವರು ಬರ್ತಾರೆ, ಪಂಡಿತರು ಸಹಿ ಹಾಕಿದ ತಕ್ಷಣ ತಗೊಂಡು ಹೋಗಿ ನಾಳೆ ಅಚ್ಚಿಗೆ ಹಾಕ್ತಾರೆ. ನೀವು ಆ ಕಾವ್ಯದ ಕಟ್ಟನ್ನ ಪಂಡಿತರ ರೂಮಿಗೆ ತಂದಿಡಿ. ಏನು, ಮುಖ ಯಾಕೆ ಹಾಗಿದೆ?"

"ಎಣ್ಣೆ ವಾಸನೆ, ತಲೆಗೆ ಹತ್ತಿದೆ."

"ಇನ್ನು ಮೂರು ತಿಂಗಳು ತಡ್ಕೊಳ್ಳಿ. ಆಮೇಲೆ ನಿವೃತ್ತಿ, ಹಾಯಾಗಿ ಇರಿ" ಎಂದು ನಕ್ಕು ಹೋದ. ಅವನ ಹಿಂದಿನ ಗೋಡೆಯ ಮೇಲೆ ಅವನೇ ಬರೆಸಿದ ಹಲಗೆಯಿತ್ತು: ಅಕ್ಷರವಿರುವ ಓಲೆಗೆ ಕತ್ತರಿ ತಾಗಿಸಿದವರಿಗೆ ಇಲ್ಲಿ ಕೆಲಸವಿಲ್ಲ. ಆರು ವರ್ಷದ ಹಿಂದೆ ಒಬ್ಬ ಬೈಂಡರು ಅಂಚು ಸಮ ಮಾಡುವಾಗ ಒಂದೇ ಒಂದು ಸಾಲು ಕತ್ತರಿಸಿದ್ದ. ಅವನನ್ನು ಎಲ್ಲರೆದುರು ನಿಲ್ಲಿಸಿ ಛೀಮಾರಿ ಹಾಕಿ ಅದೇ ದಿನ ಕಳಿಸಿದ್ದರು. ಅವನ ಹಿಂದೆ ಬಾಗಿಲು ಹಾಕಿದವಳು ಮಸಿಯಮ್ಮನೇ. ಆಗ ಅವಳಿಗೆ ಅದು ನ್ಯಾಯವಾಗಿಯೇ ಕಂಡಿತ್ತು!

ಅವಳು ಲೆಕ್ಕ ಹಾಕಿದಳು. ಕೊನೆಯ ಸರ್ಗ ಒಂದೇ ಓಲೆಯಲ್ಲಿ ಮುಗಿಯುವುದಿಲ್ಲ. ಉಳಿದವೂ ಅದೇ ಪೆಟ್ಟಿಗೆಯಲ್ಲಿ ಇದ್ದಿರಬೇಕು, ಬರಿ ಓಲೆ ಅಂತ ಅವಳು ಒಂದೊಂದನ್ನೂ ಒಂದೊಂದು ಕಟ್ಟಿಗೆ ಇಟ್ಟಿರಬೇಕು. ಭಂಡಾರದಲ್ಲಿ ಒಂಬತ್ತು ಸಾವಿರ ಕಟ್ಟುಗಳಿವೆ. ಕಾವಲೋಲೆಗೆ ಯಾರೂ ಪಟ್ಟಿ ಬರೆದಿಡುವುದಿಲ್ಲ. ಯಾವ ವರ್ಷ ಯಾವ ಕಪಾಟಿಗೆ ಕೈ ಹಾಕಿದ್ದೆ, ಯಾವ ಕಟ್ಟಿಗೆ ಅಗಲದ ಓಲೆ ಬೇಕಾಯಿತು, ಇದೆಲ್ಲ ಇದ್ದದ್ದು ಅವಳೊಬ್ಬಳ ತಲೆಯಲ್ಲಿ. ಮೂರು ತಿಂಗಳು ಕಳೆದು ಅವಳು ಮನೆಗೆ ಹೋದರೆ ಆ ಸರ್ಗವೂ ಅವಳ ಜೊತೆ ಮನೆಗೆ ಹೋದ ಹಾಗೆ. ಹೇಳಿದರೆ ತನ್ನ ಮಾನ ಹೋಗುತ್ತದೆ, ಪಂಡಿತರ ಇಡೀ ಬದುಕಿನ ವಾದ ಮುರಿದುಬೀಳುತ್ತದೆ. ಹೇಳದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಆ ಕೊನೆಯ ಮಾತೇ ಅವಳನ್ನು ಹೆದರಿಸಿದ್ದು.

ಊಟದ ಹೊತ್ತಿಗೆ ರಸ್ತೆ ದಾಟಿ ಗಂಡನ ಅಂಗಡಿಗೆ ಹೋದಳು. ದರ್ಜಿ ಹೊಲಿಗೆ ಯಂತ್ರದ ಮೇಲೆಯೇ ಡಬ್ಬಿ ಬಿಚ್ಚಿ ಕೂತಿದ್ದ. ಅವಳು ಡಬ್ಬಿ ಮುಟ್ಟದೆ ಎಲ್ಲ ಹೇಳಿದಳು. ಅವನು ತುತ್ತು ಕೈಯಲ್ಲೇ ಹಿಡಿದುಕೊಂಡು ಕೇಳಿದ.

"ಯಾರಾದರೂ ನೋಡಿದ್ರಾ?"

"ಇಲ್ಲ."

"ಹಾಗಾದ್ರೆ ಒರೆಸಿಬಿಡು. ಬರುತ್ತಲ್ಲ ನಿನಗೆ, ಒರೆಸೋದೇ ನಿನ್ನ ಕೆಲಸ."

"ತಮಾಷೆ ಮಾಡ್ಬೇಡಿ."

ಅವನು ತುತ್ತನ್ನು ಡಬ್ಬಿಗೆ ಹಾಕಿದ. "ತಮಾಷೆ ಅಲ್ಲ ಕಣೇ. ನಿಂಗೆ ಏನೂ ಆಗ್ಬಾರದು ಅಂತ ಹೇಳಿದೆ. ಆ ಬೈಂಡರ್‌ನ ಹೆಂಡತಿ ಇವತ್ತಿಗೂ ಈ ರಸ್ತೇಲಿ ತಲೆ ಎತ್ತಿ ನಡಿಯಲ್ಲ." ಆಮೇಲೆ ಅವನಿಗೇ ಸಮಾಧಾನವಾಗಲಿಲ್ಲ. "ಆದ್ರೆ ನನ್ನ ಕಸುಬಿನ ಮಾತು ಕೇಳ್ತೀಯೇನು? ನಾನೂ ಎಷ್ಟೋ ಬಟ್ಟೆ ತಪ್ಪು ಕತ್ತರಿಸಿದ್ದೀನಿ. ಗಿರಾಕಿ ಹಾಕ್ಕೊಳ್ಳೋ ಮುಂಚೆ ಹೇಳಿದ್ರೆ ಅದು ತಪ್ಪು. ಹಾಕ್ಕೊಂಡು ನಾಲ್ಕು ಜನರ ಮುಂದೆ ಹೋದ ಮೇಲೆ ಹೇಳಿದ್ರೆ, ಮೋಸ."

"ನಾಲ್ಕು ಗಂಟೆಗೆ ಸಹಿ."

"ಈಗ ಎರಡು" ಎಂದು ಅವನು ಡಬ್ಬಿಯನ್ನು ಅವಳ ಕಡೆ ತಳ್ಳಿದ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಮಸಿಯಮ್ಮ ಪಂಡಿತರ ಕೋಣೆಗೆ ಹೋದಳು. ಕೈಯಲ್ಲಿ ಕಾವ್ಯದ ಕಟ್ಟು. ತೊಂಬತ್ತೇಳನೆಯ ಓಲೆ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಅದರ ಅಡಿಯಲ್ಲಿತ್ತು. ಹೇಳಬೇಕೋ ಬೇಡವೋ ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಪ್ರೆಸ್ಸಿನವನು ಗಡಿಯಾರ ನೋಡುತ್ತ ಕುರ್ಚಿಯ ಅಂಚಿಗೆ ಕೂತಿದ್ದ. ಮೇಲ್ವಿಚಾರಕ ಕಿಟಕಿಯ ಹತ್ತಿರ ನಿಂತಿದ್ದ. ಪಂಡಿತರು ಪ್ರೂಫನ್ನು ಮೂಗಿಗೆ ತಾಗಿಸಿಕೊಂಡು ಕೊನೆಯ ಪುಟ ಓದುತ್ತಿದ್ದರು. ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು ಪಾಪ.

"ಬಾಮ್ಮ ಮಸಿಯಮ್ಮ. ನೀನೂ ಕೇಳು, ಹೇಗಿದೆ ಹೇಳು." ಅವರು ಗಟ್ಟಿಯಾಗಿ ಓದಿದರು. "'ಇದಕ್ಕಿಂತ ಮುಂದೆ ಒಂದು ಅಕ್ಷರವನ್ನೂ ಕವಿ ಬರೆಯಲಿಲ್ಲ, ಬರೆಯಬೇಕಾಗಿರಲಿಲ್ಲ.' ಹೇಗೆ?"

"ಚೆನ್ನಾಗಿದೆ" ಎಂದಳು ಮಸಿಯಮ್ಮ.

ಪಂಡಿತರು ಪೆನ್ನಿನ ಮುಚ್ಚಳ ತೆಗೆದರು. ಪ್ರೆಸ್ಸಿನವನು ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದ. ಪೆನ್ನು ಕಾಗದಕ್ಕೆ ತಾಗುವುದೊಂದು ಬಾಕಿ.

"ಬರೆದಿದ್ದಾನೆ ಸಾರ್" ಎಂದಳು ಮಸಿಯಮ್ಮ.

"ಏನು?"

"ಮುಂದೆ ಬರೆದಿದ್ದಾನೆ. ತೊಂಬತ್ತೇಳು ಇದೆ. ನಾನು ಅದನ್ನ ಕತ್ತರಿಸಿಬಿಟ್ಟಿದ್ದೀನಿ." ಬಟ್ಟೆ ಬಿಡಿಸಿ ಓಲೆಯನ್ನು ಅವರ ಮುಂದಿಟ್ಟಳು. ಹೇಳಬೇಕಾದ್ದೆಲ್ಲ ಒಂದೇ ಉಸಿರಿಗೆ ಹೇಳಿದಳು: ಕುದುರೆ ವೈದ್ಯ, ಬೆರಳು, ಪೆಟ್ಟಿಗೆ, ಕತ್ತರಿ.

ಮೇಲ್ವಿಚಾರಕನ ಮುಖ ಕೆಂಪಗಾಯಿತು. "ಏನ್ರೀ ಇದು? ಇಪ್ಪತ್ತೊಂಬತ್ತು ವರ್ಷ ಇಲ್ಲಿ ಮಣ್ಣು ತಿಂತಿದ್ರಾ? ಅಕ್ಷರ ಇರೋ ಓಲೆಗೆ ಕತ್ತರಿ? ಕೀಲಿಕೈ ಕೊಡಿ ಮೊದಲು!"

ಅವಳು ಸೊಂಟದಿಂದ ಕೀಲಿಕೈ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟಳು.

ಪಂಡಿತರು ಇದಾವುದನ್ನೂ ಕೇಳಿಸಿಕೊಂಡ ಹಾಗಿರಲಿಲ್ಲ. ಓಲೆಯನ್ನು ಕಣ್ಣಿನ ಹತ್ತಿರ ತಂದರು, ಬೆಳಕಿಗೆ ಹಿಡಿದರು, ಮತ್ತೆ ಹತ್ತಿರ ತಂದರು. ಕಾಣಲಿಲ್ಲ. "ಓದು" ಎಂದರು.

"ನಂಗೆ ಅರ್ಥ ಗೊತ್ತಿಲ್ಲ..."

"ಅರ್ಥ ಯಾರು ಕೇಳಿದ್ರು? ಅಕ್ಷರ ಓದು!"

ಅವಳು ಓದಿದಳು, ಎಡವುತ್ತ, ಒಂದೊಂದೇ ಅಕ್ಷರ ಕೂಡಿಸುತ್ತ. ಪಂಡಿತರು ಮೇಜಿನ ಮೇಲೆ ಬೆರಳಿನಿಂದ ಛಂದಸ್ಸಿನ ಗತಿ ತಟ್ಟುತ್ತ, ತುಟಿಯಲ್ಲೇ ಅರ್ಥ ಹೇಳಿಕೊಳ್ಳುತ್ತ ಹೋದರು. "ರಾಜ ಎತ್ತಿದ ಕೈಯನ್ನ ಇಳಿಸಿದ... ಸಿಂಹಾಸನದಿಂದ ಎದ್ದ... ತಾಯಿಯ ಹತ್ತಿರ ಬಂದು ಅವಳಿಗೆ ಮಾತ್ರ ಕೇಳೋ ಹಾಗೆ ಹೇಳಿದ... ಹ್ಞೂಂ, ಏನು ಹೇಳಿದ? ಓದು, ಓದು."

"ಇಲ್ಲ ಸಾರ್."

"ಇಲ್ಲ ಅಂದ್ರೆ?"

"ಅಲ್ಲಿಗೆ ಕತ್ತರಿಸಿದ್ದೀನಿ."

ಪಂಡಿತರ ಬೆರಳು ಮೇಜಿನ ಮೇಲೆ ಖಾಲಿ ಗತಿಯನ್ನು ತಟ್ಟಿತು, ಹತ್ತು ಸಲ. "ಹತ್ತು ಅಕ್ಷರ ಹೋಗಿದೆ" ಎಂದರು. "ಮುಂದಿನ ಸಾಲು?"

ಅವಳು ಓದಿದಳು. ಪಂಡಿತರು ಅದನ್ನು ಎರಡನೇ ಸಲ ಓದಿಸಿದರು, ಮೂರನೇ ಸಲ ಓದಿಸಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಕ್ಕಳಂತೆ" ಎಂದರು. "ಅದನ್ನ ಕೇಳಿ ತಾಯಿ ನಕ್ಕಳಂತೆ ಕಣ್ರೀ! ಮೂವತ್ತೊಂದು ವರ್ಷ ಅವಳನ್ನ ಸಭೇಲಿ ಕಣ್ಣೀರು ಹಾಕಿಸಿಕೊಂಡು ನಿಲ್ಲಿಸಿದ್ದೀನಿ ನಾನು. ಅವಳು ನಗ್ತಾ ಇದ್ದಾಳೆ!"

"ಸಾರ್, ಸಹಿ..." ಎಂದ ಪ್ರೆಸ್ಸಿನವನು ಮೆಲ್ಲಗೆ.

"ಯಾತರ ಸಹಿ?" ಪಂಡಿತರು ಪ್ರೂಫಿನ ಕಟ್ಟನ್ನು ಆಚೆ ನೂಕಿದರು. ಮೇಲ್ವಿಚಾರಕ ಅದೇ ಸಮಯವೆಂದು ಬಾಯಿ ತೆರೆದ: "ಈಯಮ್ಮನ ಮೇಲೆ ಇವತ್ತೇ ವರದಿ ಬರೀತೀನಿ, ಸಮಿತಿ ಮುಂದೆ..."

"ಬರೀರಿ. ನನ್ನ ಮೇಲೂ ಬರೀರಿ" ಎಂದರು ಪಂಡಿತರು. ದನಿ ಇಳಿದಿತ್ತು. "ಈ ಕಟ್ಟು ಬಂದ ದಿನ ಇದನ್ನ ಬಿಚ್ಚಿದ್ದು ನಾನು. ಕೊನೇಲಿ ಹದಿನಾಲ್ಕು ಓಲೆ ಬರಿದಾಗಿತ್ತು. ಬರೆದವನು ಗೀರಿ ಮುಗಿಸಿದ್ದಾನೆ, ಮಸಿ ಹಚ್ಚೋ ಮುಂಚೆ ಏನಾಯ್ತೋ ಅವನಿಗೆ. ನಾನು ಬೆಳಕಿಗೂ ಹಿಡಿದು ನೋಡ್ಲಿಲ್ಲ. ಆಗ ನಂಗೆ ಕಣ್ಣು ಎರಡೂ ನೆಟ್ಟಗಿದ್ವು. ಮುಂದೆ ಏನೂ ಇಲ್ಲ ಅಂತ ಗೊತ್ತಾಗಿ ಖುಷಿಯಾಗಿತ್ತು, ಎಷ್ಟು ಚೆಂದದ ವಾದ ಸಿಕ್ಕಿತು ಅಂತ! ಹದಿನಾಲ್ಕನ್ನೂ ತಗೊಂಡು ಹೋಗಿ ಇವಳ ಮಾವನ ಪೆಟ್ಟಿಗೆಗೆ ಹಾಕಿದ್ದು ಈ ಕೈ. ಇವಳು ಕತ್ತರಿಸಿದ್ದು ಕಾವಲೋಲೆ ಅಂತ. ನಾನು ಎಸೆದದ್ದು ಕಾವ್ಯವನ್ನ."

ಅವರು ಅಳುತ್ತಿದ್ದರು. ಮಸಿಯಮ್ಮನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕಪ್ಪು ಕೈಯಲ್ಲಿ ನೀರಿನ ಲೋಟ ಎತ್ತಿ ಅವರ ಮುಂದಿಟ್ಟಳು. ಆಮೇಲೆ ಮೇಲ್ವಿಚಾರಕನ ಕಡೆ ತಿರುಗಿ, ತನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ, "ವರದಿ ನಿಧಾನವಾಗಿ ಬರ್ಕೊಳ್ಳಿ ಸ್ವಾಮಿ. ಉಳಿದ ಹದಿಮೂರು ಎಲ್ಲಿವೆ ಅಂತ ನಿಮಗೆ ಗೊತ್ತಾ? ನಂಗೆ ಗೊತ್ತು. ಕೀಲಿಕೈ ಕೊಡಿ ಇಲ್ಲಿ" ಎಂದಳು.

ಕೊಟ್ಟ. ಕೊಡದೆ ಏನು ಮಾಡುತ್ತಾನೆ?

ಆ ಮೂರು ತಿಂಗಳು ಮಸಿಯಮ್ಮ ಏಣಿಯಿಂದ ಇಳಿಯಲಿಲ್ಲ ಅಂದರೂ ತಪ್ಪಿಲ್ಲ. ಮಗಳು ಹುಟ್ಟಿದ ವರ್ಷ ಮೂರನೇ ಕಪಾಟು, ಮಾವ ತೀರಿಕೊಂಡಾಗ ಜ್ಯೋತಿಷ, ಗಂಡನಿಗೆ ಕಾಮಾಲೆಯಾದಾಗ ಆ ಗೆದ್ದಲು ಹಿಡಿದ ತರ್ಕದ ಕಟ್ಟುಗಳು, ಹೀಗೆ ತನ್ನ ಬದುಕನ್ನೇ ಹಿಡಿದುಕೊಂಡು ಹುಡುಕಿದಳು. ಒಂದೊಂದು ಕಾವಲೋಲೆಗೂ ಮಸಿ ತೀಡಿದಳು. ನೂರಾರು ನಿಜವಾಗಿಯೂ ಬರಿದಾಗಿದ್ದವು. ಒಂದೊಂದು ಸಿಕ್ಕಾಗಲೂ ಪಂಡಿತರ ಕೋಣೆಗೆ ಓಡಿಹೋಗಿ ಅಕ್ಷರ ಓದುತ್ತಿದ್ದಳು. ಅವರು ಕೇಳುತ್ತಿದ್ದರು. ಕೊನೆಗೆ ಅವರಿಗೆ ಅವಳ ದನಿ ಬಿಟ್ಟು ಬೇರೆ ಓಲೆಯೇ ಇರಲಿಲ್ಲ, ಎರಡನೆಯ ಕಣ್ಣೂ ಆರಿತ್ತು. ತೊಂಬತ್ತೇಳರ ಜೊತೆಗೆ ಇನ್ನೂ ಹತ್ತು ಸಿಕ್ಕವು. ಮೂರು ಸಿಗಲಿಲ್ಲ.

ಸಿಕ್ಕಷ್ಟರಿಂದ ಮಗ ಬದುಕಿದನೆಂದು ಗೊತ್ತಾಯಿತು. ಕಾವ್ಯದ ಕೊನೆಯಲ್ಲಿ ಅವನು ಅದೇ ಬಾಗಿಲಲ್ಲಿ ನಿಂತಿದ್ದಾನೆ, ಮುದುಕನಾಗಿ. ಆದರೆ ರಾಜ ಆ ತಾಯಿಯ ಕಿವಿಯಲ್ಲಿ ಏನು ಹೇಳಿದ, ಯಾವ ಮಾತಿಗೆ ಅವಳು ನಕ್ಕಳು, ಅದನ್ನು ಮುಂದೆ ಸಿಕ್ಕ ಓಲೆಗಳಲ್ಲಿ ಕವಿ ಎಲ್ಲೂ ಹೇಳಿರಲಿಲ್ಲ. ಹೇಳಿದ್ದು ಒಂದೇ ಕಡೆ, ಆ ಹತ್ತು ಅಕ್ಷರಗಳಲ್ಲಿ. ಹೋದ ಜಾಗಕ್ಕೆ ವಿದ್ವಾಂಸರು ತಮ್ಮ ಊಹೆಯ ಪಾಠ ತುಂಬುವುದುಂಟು. ಕತ್ತರಿಸಿಹೋದ ಬೇರೆ ಸಾಲುಗಳ ತುದಿಯನ್ನು ಪಂಡಿತರು ಹಾಗೆಯೇ ತುಂಬಿದರು. ಈ ಹತ್ತಕ್ಕೆ ಮಾತ್ರ ಏಳು ಥರ ಕಟ್ಟಿ ಹೇಳಿ ನೋಡಿದರು, ಏಳನ್ನೂ ಬಿಟ್ಟರು. "ಛಂದಸ್ಸು ಸರಿಹೋಗುತ್ತೆ. ನಗು ಬರಲ್ಲ" ಎಂದರು.

ಪೀಠಿಕೆಯ ಎಂಬತ್ತು ಪುಟ ಕಿತ್ತುಹಾಕಿ ಹನ್ನೆರಡು ಪುಟ ಹೊಸದಾಗಿ ಹೇಳಿ ಬರೆಸಿದರು. ಆ ಸಾಲಿನ ಕೆಳಗಿನ ಟಿಪ್ಪಣಿಯನ್ನು ಮಾತ್ರ ಮಸಿಯಮ್ಮನನ್ನು ಕೂರಿಸಿಕೊಂಡು ಬರೆಸಿದರು. ಓಲೆಯನ್ನು ಬರಿದೆಂದು ಎಸೆದವನು ಈ ಗ್ರಂಥದ ಸಂಪಾದಕ ಎಂದು ಮೊದಲು ಹೇಳಿ, ಆಮೇಲೆ ನಿಲ್ಲಿಸಿ, "ಕತ್ತರಿಸಿದವರ ಹೆಸರು ಹಾಕೋದು ಬೇಡ ಅಂದ್ರೆ ಬೇಡ" ಎಂದರು.

"ಹಾಕಿ. ಮಸಿಯಮ್ಮ ಅಂತಲೇ ಹಾಕಿ. ಬೇರೆ ಹೆಸರು ಹಾಕಿದ್ರೆ ಯಾರದೋ ತಲೆ ಮೇಲೆ ಹೋಗುತ್ತೆ."

ಸಮಿತಿಯಿಂದ ಇಬ್ಬರಿಗೂ ಒಂದೊಂದು ಕಾಗದ ಬಂತು. ಪಂಡಿತರಿಗೆ ಕೋಣೆ ಖಾಲಿ ಮಾಡಲು, ಅವಳಿಗೆ ಛೀಮಾರಿ. ನಿವೃತ್ತಿಯ ದಿನ ಹಾರವಿಲ್ಲ, ಭಾಷಣವಿಲ್ಲ. ಕೀಲಿಕೈ ಕೊಟ್ಟು, ಮೆಟ್ಟಿಲಿಳಿದು, ರಸ್ತೆ ದಾಟಿದಳು.

ಮರುವರ್ಷ ಪುಸ್ತಕ ಬಂತು. ಅವಳ ಕೈ ಹಾದುಹೋದ ಗ್ರಂಥಗಳಿಂದ ಇನ್ನೂರಕ್ಕೂ ಹೆಚ್ಚು ಪುಸ್ತಕಗಳು ಅಚ್ಚಾಗಿದ್ದವು, ಒಂದರಲ್ಲೂ ಅವಳ ಹೆಸರಿರಲಿಲ್ಲ. ಇದರಲ್ಲಿತ್ತು. ದರ್ಜಿ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದ: "'ಈ ಓಲೆಯನ್ನು ಬರಿದೆಂದು ಎಸೆದವನು ಈ ಗ್ರಂಥದ ಸಂಪಾದಕ. ಈ ಹತ್ತು ಅಕ್ಷರಗಳು ಓಲೆಯ ಅಂಚು ಕತ್ತರಿಸಿದ್ದರಿಂದ ನಷ್ಟವಾಗಿವೆ. ಕತ್ತರಿಸಿದವರು ಮಸಿಯಮ್ಮ. ಉಳಿದ ಸರ್ಗವನ್ನು ಹುಡುಕಿ ಓದಿಕೊಟ್ಟವರೂ ಅವರೇ.'" ಆಮೇಲೆ ಏನಾದರೂ ಚುಡಾಯಿಸಬೇಕೆಂದು ಬಾಯಿ ತೆರೆದ. ಹೆಂಡತಿಯ ಮುಖ ನೋಡಿ ಪುಸ್ತಕವನ್ನು ಅವಳ ಕಡೆ ಚಾಚಿದ.

ಅವಳು ಪುಸ್ತಕ ಇಸಿದುಕೊಂಡಳು. ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು, ಬೆರಳುಗಳು ಬೆಳ್ಳಗಾಗುತ್ತ ಬಂದಿದ್ದವು. ಟಿಪ್ಪಣಿಯ ಮೇಲೆ, ಸಾಲಿನ ಕೊನೆಯಲ್ಲಿ, ರಾಜನ ಮಾತು ಇರಬೇಕಾದಲ್ಲಿ ಚುಕ್ಕೆಗಳಿದ್ದವು. ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿದಳು. ಹತ್ತೂ ಇದ್ದವು.

"ಆ ತಾಯಿಗೆ ಅಂಥದ್ದೇನು ಹೇಳಿರಬಹುದು ರೀ?" ಎಂದು ಗಂಡನನ್ನು ಕೇಳಿ, ಅವನು ಉತ್ತರ ಕೊಡುವ ಮೊದಲೇ ಅಳಲು ಶುರುಮಾಡಿದಳು.